ಸುಂದರವ್ವ ತೀರಿಸಿದ ಮುಯ್ಯಿ

ಬೈಲಹೊಂಗಲದಿಂದ ಮುರಗೋಡದ ಕಡೆ ಹೊರಟರೆ, ಹಳೆಯ ಹತ್ತಿ ಜಿನ್ನಿನ ಗೋಡೆ ಮುಗಿದ ಮೇಲೆ ಎಡಕ್ಕೆ ಒಂದು ಬಯಲು ಸಿಗುತ್ತದೆ. ನಮ್ಮ ಸಂಗಮ ಫುಟ್‌ಬಾಲ್ ಕ್ಲಬ್ಬಿನ ಮೈದಾನ ಅದು. ಮೈದಾನ ಎಂದು ನಾವು ಕರೆಯುತ್ತಿದ್ದೆವು, ಊರ ಎಮ್ಮೆಗಳ ಅಭಿಪ್ರಾಯ ಬೇರೆ ಇತ್ತು. ಒಂದು ಗೋಲ್‌ಪೋಸ್ಟಿನ ಹಿಂದೆ ಬದು, ಬದುವಿನ ಆಚೆ ಸುಂದರವ್ವನ ಎರೆಹೊಲ. ನಾವು ಒದ್ದ ಚೆಂಡು ಗೋಲಿನೊಳಗೆ ಹೋದದ್ದಕ್ಕಿಂತ ಆ ಹೊಲದೊಳಗೆ ಹೋದದ್ದೇ ಹೆಚ್ಚು. ಗೋಲಿಗೆ ಹೋದ ಚೆಂಡು ತಿರುಗಿ ಬರುತ್ತಿತ್ತು. ಹೊಲಕ್ಕೆ ಹೋದದ್ದು ಬರುತ್ತಿರಲಿಲ್ಲ.

ಸುಂದರವ್ವನಿಗೆ ಆಗ ಐವತ್ತರ ಆಸುಪಾಸು. ಗಿಡ್ಡ ಆಳು, ಗಟ್ಟಿ ಕೈ. ಸೆರಗನ್ನು ಸೊಂಟಕ್ಕೆ ಬಿಗಿದು ಹೊಲಕ್ಕೆ ಇಳಿದಳೆಂದರೆ ಹೊತ್ತು ಮುಳುಗುವವರೆಗೆ ಬೆನ್ನು ನೆಟ್ಟಗಾಗುತ್ತಿರಲಿಲ್ಲ. ಚೆಂಡು ಬಂದು ಬಿದ್ದಾಗ ಮಾತ್ರ ಎದ್ದು ನಿಲ್ಲುತ್ತಿದ್ದಳು. ಅದನ್ನು ಉಡಿಗೆ ಹಾಕಿಕೊಂಡು ಮತ್ತೆ ಬಾಗುತ್ತಿದ್ದಳು. ಸಂಜೆ ನಾವು ಆಕೆಯ ಮನೆ ಮುಂದೆ ತಲೆ ತಗ್ಗಿಸಿ ನಿಂತು, ಆಕೆ ಬೈದು ಮುಗಿಸುವವರೆಗೆ ಕೇಳಿಸಿಕೊಂಡರೆ ಚೆಂಡು ಸಿಗುತ್ತಿತ್ತು. ಆಕೆಯ ಬೈಗುಳ ಎಲ್ಲರಿಗೂ ಒಂದೇ ಅಲ್ಲ. ಒಬ್ಬೊಬ್ಬನಿಗೂ ಬೇರೆ ಬೇರೆ ಅಳತೆ ತೆಗೆದು ಹೊಲಿದದ್ದು. ನಾನು ವಿರೂಪಾಕ್ಷ, ಬಜಾರದಲ್ಲಿ ಮೋಟಾರು ರಿವೈಂಡಿಂಗ್ ಅಂಗಡಿ ನನ್ನದು, ಕ್ಲಬ್ಬಿನಲ್ಲಿ ರೈಟ್ ಬ್ಯಾಕ್ ಮತ್ತು ಕ್ಯಾಪ್ಟನ್. ಕ್ಯಾಪ್ಟನ್ ಆದದ್ದು ಆಟದ ಬಲದಿಂದಲ್ಲ, ಚೆಂಡಿಗೆ ಗಾಳಿ ಹಾಕುವ ಪಂಪು ನನ್ನ ಅಂಗಡಿಯಲ್ಲಿ ಇದ್ದದ್ದರಿಂದ. ಇದನ್ನು ಊರಿನಲ್ಲಿ ಎಲ್ಲರ ಎದುರಿಗೆ ಮೊದಲು ಹೇಳಿದವಳೂ ಸುಂದರವ್ವನೇ.

ಈ ನಾಲಿಗೆಯಿಂದಲೇ ಆಕೆ ಮುಯ್ಯಿ ಕಳೆದುಕೊಂಡಿದ್ದಳು. ನಮ್ಮ ಕಡೆ ಕಳೆ ತೆಗೆಯುವುದು, ಹತ್ತಿ ಬಿಡಿಸುವುದು ಬಹಳ ಮಟ್ಟಿಗೆ ಮುಯ್ಯಿಯ ಮೇಲೆ ನಡೆಯುವ ಕೆಲಸ. ಇವತ್ತು ಓಣಿಯ ಹೆಂಗಸರು ನನ್ನ ಹೊಲಕ್ಕೆ ಬಂದು ದುಡಿದರೆ, ನಾಳೆ ನಾನು ಅವರ ಹೊಲಕ್ಕೆ ಹೋಗಿ ದುಡಿಯಬೇಕು. ಯಾರೂ ಬರೆದಿಡುವುದಿಲ್ಲ, ಯಾರೂ ಮರೆಯುವುದೂ ಇಲ್ಲ. ಹೊಲಕ್ಕೆ ಇಳಿದ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಸಾಲು, ಆ ಸಾಲಿನ ಮಾನ ಮರ್ಯಾದೆ ಅವರವರದು. ಏಳೆಂಟು ವರ್ಷದ ಹಿಂದೆ ಪಕ್ಕದ ಮನೆಯ ಬೀರವ್ವ ತನ್ನ ಸಾಲಿನಲ್ಲಿ ಒಂದು ಹಿಡಿ ಕರಿಕೆ ಹುಲ್ಲು ಬಿಟ್ಟಿದ್ದಳಂತೆ. ಸುಂದರವ್ವ ಅದನ್ನು ಬೇರು ಸಮೇತ ಕಿತ್ತು, ಮನೆಗೆ ತಂದು, ಓಣಿಯ ಬಾಗಿಲು ಬಾಗಿಲಿಗೂ ತೋರಿಸಿದಳು. ಮರುದಿನದಿಂದ ಬೀರವ್ವ ಬರಲಿಲ್ಲ, ಬೀರವ್ವನ ಹಿಂದೆ ಓಣಿಯೂ ಬರಲಿಲ್ಲ. ಕೂಲಿಯವರು ಬಂದರೂ ಎರಡನೆಯ ದಿನ ನಿಲ್ಲುತ್ತಿರಲಿಲ್ಲ. ಸುಂದರವ್ವ ಯಾರ ಬಾಗಿಲಿಗೂ ಹೋಗಿ ಕರೆಯಲಿಲ್ಲ. ಅಷ್ಟು ದೊಡ್ಡ ಹೊಲವನ್ನು ಆಕೆಯೂ ಗಂಡ ಸೋಮಪ್ಪನೂ ಸೇರಿ ಹೇಗೋ ನಿಭಾಯಿಸುತ್ತಿದ್ದರು.

ಸೋಮಪ್ಪ ರವಿವಾರಕ್ಕೊಮ್ಮೆ ಮಾಯವಾಗುತ್ತಿದ್ದ. ಎಲ್ಲಿಗೆ ಎಂದರೆ, ಬದು ದಾಟಿ ನಮ್ಮ ಮ್ಯಾಚು ನೋಡಲಿಕ್ಕೆ. ಆಕೆಗೆ ಫುಟ್‌ಬಾಲಿನ ಮೇಲೆ ಇದ್ದ ಸಿಟ್ಟಿನಲ್ಲಿ ಅರ್ಧ ಚೆಂಡಿನದು, ಅರ್ಧ ಸೋಮಪ್ಪನದು.

ನಾವು ಆಡುತ್ತಿದ್ದದ್ದು ನಾಲ್ಕು ತಾಲೂಕಿನ ಲೀಗಿನ ಎರಡನೇ ಡಿವಿಜನ್ನಿನಲ್ಲಿ. ಅದರ ಕೆಳಗೆ ಮತ್ತೊಂದು ಡಿವಿಜನ್ ಇರಲಿಲ್ಲ, ಅಲ್ಲಿಂದ ಬಿದ್ದವರು ಸೀದಾ ನೆಲಕ್ಕೇ ಬೀಳಬೇಕು. ಕೊನೆಯ ಸ್ಥಾನಕ್ಕೆ ಬಂದ ಕ್ಲಬ್ಬನ್ನು ಲೀಗಿನಿಂದ ತೆಗೆದುಹಾಕುತ್ತಿದ್ದರು. ನಾವು ವರ್ಷಾ ವರ್ಷಾ ಕೊನೆಯವರ ಹಿಂದಿನ ಸ್ಥಾನದಲ್ಲಿ ಭದ್ರವಾಗಿ ಕೂತಿದ್ದೆವು. ಅದಕ್ಕೆ ಕಾರಣ ನಮ್ಮ ಮಂದಿ. ಹೊರಗಿನ ಟೀಮು ನಮ್ಮ ಮೈದಾನಕ್ಕೆ ಬಂದರೆ ನಮ್ಮ ಪ್ರೇಕ್ಷಕರ ಬಾಯಿಗೆ ಅರ್ಧ ಸೋತೇ ಆಟ ಶುರು ಮಾಡುತ್ತಿತ್ತು. ನಮ್ಮ ಗೋಲ್‌ಕೀಪರ್ ಭೀಮಶಿ, ಊರಲ್ಲಿ ಟೆಂಪೊ ಓಡಿಸುವವನು, ಇನ್ನೂ ವಿಚಿತ್ರ. ಬಹಳ ಶಾಂತ ಸ್ವಭಾವ. ಹಿಂದಿನಿಂದ ಯಾರಾದರೂ ಬೈಯದಿದ್ದರೆ ಅವನಿಗೆ ಮ್ಯಾಚು ಶುರುವಾದದ್ದೇ ಗೊತ್ತಾಗುತ್ತಿರಲಿಲ್ಲ. ಬೈದರೆ ಚಿರತೆ.

ಎರಡು ಸಾವಿರದ ಎರಡರ ಡಿಸೆಂಬರಿನಲ್ಲಿ ಸವದತ್ತಿಯವರ ಜೊತೆ ಮ್ಯಾಚು ಇತ್ತು. ಆಟ ಮುಗಿಯುವ ಹೊತ್ತಿಗೆ ರೆಫರಿ ನಮ್ಮ ವಿರುದ್ಧ ಪೆನಾಲ್ಟಿ ಕೊಟ್ಟ. ನ್ಯಾಯವಾಗಿಯೇ ಕೊಟ್ಟ, ಅವರ ಹುಡುಗನ ಕಾಲಿಗೆ ಒದ್ದವನು ನಾನೇ. ಆದರೆ ಮಂದಿಗೆ ನ್ಯಾಯ ಹಿಡಿಸಲಿಲ್ಲ. ಸವದತ್ತಿಯ ಹುಡುಗ ಚೆಂಡು ಇಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದು ತಲೆ ಎತ್ತಿ ನೋಡುತ್ತಾನೆ, ಗೋಲ್‌ಪೋಸ್ಟೇ ಇಲ್ಲ. ನಮ್ಮವರು ಮೂರೂ ಬಿದಿರನ್ನು ಕಿತ್ತು ಹೆಗಲ ಮೇಲೆ ಹೊತ್ತುಕೊಂಡು ಊರ ಕಡೆ ಹೊರಟಿದ್ದರು. ಎಲ್ಲರಿಗಿಂತ ಮುಂದೆ ಸೋಮಪ್ಪ. ಅಂಥ ಹುರುಪು ಅವನಲ್ಲಿ ಮದುವೆಯಾದಾಗಿನಿಂದ ಯಾರೂ ಕಂಡಿರಲಿಲ್ಲ.

ಲೀಗಿನವರು ಸಭೆ ಸೇರಿ ತೀರ್ಪು ಕೊಟ್ಟರು: ಇನ್ನು ಎರಡು ಮ್ಯಾಚು ಸಂಗಮ ಕ್ಲಬ್ಬು ತನ್ನ ಮೈದಾನದಲ್ಲಿ ಪ್ರೇಕ್ಷಕರಿಲ್ಲದೆ ಆಡಬೇಕು. ನಿಂತು ನೋಡುವವನು ಒಬ್ಬ ಕಂಡರೂ ಎದುರಿನ ಟೀಮು ಗೆದ್ದಂತೆ. ಉಸ್ತುವಾರಿಗೆ ಮುರಗೋಡದ ಡ್ರಾಯಿಂಗ್ ಮಾಸ್ತರ ಉಳವಪ್ಪನವರನ್ನು ನೇಮಿಸಿದರು. ಗೆರೆ ಸೊಟ್ಟಗಾದರೆ ಸಹಿಸದ ಮನುಷ್ಯ. ಕಿತ್ತೂರಿನವರ ಜೊತೆಗಿನ ಮ್ಯಾಚಿಗೆ ಅವರು ಛತ್ರಿ, ಕುರ್ಚಿ ಸಮೇತ ಬಂದು ಅರ್ಧ ಗೆರೆಯ ಪಕ್ಕ ಕೂತರು. ಗೋಡೆಯೇ ಇಲ್ಲದ ಬಯಲಿನಿಂದ ಮಂದಿಯನ್ನು ಹೊರಗೆ ಹಾಕುವುದು ಹೇಗೆಂದು ಅವರೂ ಯೋಚಿಸಿದ್ದರು. ರಸ್ತೆಯ ಮೇಲೆ ಹೋಗುವವರು ಹೋಗಬಹುದು, ಆದರೆ ಕಾಲು ನಿಲ್ಲಬಾರದು. ಹಾಗಾಗಿ ಮೊದಲ ಹತ್ತು ನಿಮಿಷ ಅರ್ಧ ಊರು ಆ ರಸ್ತೆಯಲ್ಲಿ ಮುರಗೋಡದ ಕಡೆ ನಡೆಯಿತು, ಮುಂದಿನ ಹತ್ತು ನಿಮಿಷ ಬೈಲಹೊಂಗಲದ ಕಡೆ ನಡೆಯಿತು. ಆಮೇಲೆ ಕಾಲು ಸೋತು ಮನೆಗೆ ಹೋಯಿತು.

ನಮ್ಮ ಅಧ್ಯಕ್ಷರು ನಿಜಗುಣಪ್ಪ ಸಾವಕಾರರು, ಕಿರಾಣಿ ಅಂಗಡಿಯವರು, ಒಂದು ಉಪಾಯ ಮಾಡಿದ್ದರು. ಗದ್ದಲದ ಕ್ಯಾಸೆಟ್ಟು ಹಾಕಿದರೆ ಹುಡುಗರಿಗೆ ಧೈರ್ಯ ಬರುತ್ತದೆ ಎಂದು ದೊಡ್ಡ ಟೇಪ್ ರೆಕಾರ್ಡರ್ ತಂದಿಟ್ಟರು. ಆದರೆ ಅವರ ಬಳಿ ಇದ್ದ ಗದ್ದಲದ ಕ್ಯಾಸೆಟ್ಟು ಅವರ ಮಗಳ ಮದುವೆಯದು. ನಾವು ಓಡುತ್ತಿದ್ದರೆ ಹಿಂದಿನಿಂದ ಬ್ಯಾಂಡು ಬಾರಿಸುತ್ತಿತ್ತು, ಯಾರೋ ಊಟಕ್ಕೆ ಏಳಿರೆಂದು ಕೂಗುತ್ತಿದ್ದರು. ಕಿತ್ತೂರಿನವರು ಮೊದಲ ಗೋಲು ಹಾಕಿದಾಗ ಸರಿಯಾಗಿ ಅಕ್ಷತೆ ಬಿತ್ತು. ಉಳವಪ್ಪ ಮಾಸ್ತರರು ಎದ್ದು ಬಂದು ಟೇಪನ್ನು ಬಂದ್ ಮಾಡಿಸಿದರು.

ಆಮೇಲಿನ ಮೌನವನ್ನು ಹೇಗೆ ಹೇಳಲಿ. ನನ್ನ ಬೂಟಿನ ಸಪ್ಪಳ ನನಗೇ ಕೇಳುತ್ತಿತ್ತು. ತಪ್ಪು ಪಾಸು ಕೊಟ್ಟರೆ ಬೈಯುವವರಿಲ್ಲ, ಒಳ್ಳೆಯ ಪಾಸು ಕೊಟ್ಟರೆ ಸಿಳ್ಳೆ ಹೊಡೆಯುವವರಿಲ್ಲ. ನಾವು ಆಡುತ್ತಿದ್ದದ್ದು ಆಟವೋ ಬಯಲಲ್ಲಿ ಕಳೆದುಹೋದ ಎಮ್ಮೆ ಹುಡುಕುವುದೋ ತಿಳಿಯದಂತಾಯಿತು. ಭೀಮಶಿ ಎರಡೂ ಕೈ ಸೊಂಟದ ಮೇಲಿಟ್ಟು ಆಕಾಶ ನೋಡುತ್ತಿದ್ದ. ಮೂರು ಗೋಲಾದವು. ನಾಲ್ಕನೆಯದು ಗೋಲಿನ ಮೇಲಿಂದ ಹಾರಿ ಸುಂದರವ್ವನ ಹೊಲಕ್ಕೆ ಬಿತ್ತು. ಹತ್ತಿಗಿಡಗಳ ನಡುವಿನಿಂದ ದನಿ ಎದ್ದಿತು.

"ಏ ಭೀಮ್ಯಾ, ಕೈ ಅಲ್ಲೇನ ಇಟ್ಟೀಯೋ? ನಿಮ್ಮವ್ವ ಹಡದ ಕೈ ಅವು, ಗ್ವಾಡಿಗೆ ಬಡದ ಗೂಟ ಅಲ್ಲ. ಇನ್ನೊಂದ ಚಂಡ ಈ ಕಡೆ ಬರಲಿ, ನಿನ್ನ ಟೆಂಪೋದ ಗಾಳಿ ಬಿಡಸ್ತೇನಿ."

ಭೀಮಶಿ ನಿದ್ದೆಯಿಂದ ಎದ್ದವನಂತೆ ಸುತ್ತ ನೋಡಿದ. ಅಲ್ಲಿಂದ ಮುಂದೆ ಒಂದು ಚೆಂಡೂ ಅವನನ್ನು ದಾಟಲಿಲ್ಲ. ಮೂರು ಗೋಲಿನಿಂದ ಸೋತೆವು ನಿಜ, ಆದರೆ ನಿಜಗುಣಪ್ಪ ಸಾವಕಾರರು ಬದುವಿನ ಕಡೆ ನೋಡುತ್ತಾ ಗಡ್ಡ ಕೆರೆದುಕೊಂಡರು.

ಆ ಸಂಜೆ ಸಾವಕಾರರು, ಭೀಮಶಿ, ನಾನು ಮೂವರೂ ಸುಂದರವ್ವನ ಮನೆಗೆ ಹೋದೆವು. ಕದ್ದೊಯ್ದ ಗೋಲ್‌ಪೋಸ್ಟಿನ ಅಡ್ಡಬಿದಿರು ಅಲ್ಲೇ ಇತ್ತು, ಕಿತ್ತೂರಿನವರ ಜೊತೆ ನಾವು ಅದರ ಬದಲು ಹಗ್ಗ ಕಟ್ಟಿ ಆಡಿದ್ದೆವು. ಅಂಗಳದಲ್ಲಿ ಎರಡು ಕವಲು ಕೋಲಿನ ಮೇಲೆ ಮಲಗಿಸಿ ಕೌದಿ ಒಣಹಾಕಿದ್ದರು. ಸೋಮಪ್ಪ ನಮ್ಮನ್ನು ಕಂಡವನೇ ದನದ ಕೊಟ್ಟಿಗೆಯೊಳಗೆ ಹೋದ.

ಸಾವಕಾರರು ಗಂಟಲು ಸರಿಪಡಿಸಿಕೊಂಡರು. "ಸುಂದರವ್ವಾರ, ಮುಂದಿನ ಮ್ಯಾಚಿನ್ಯಾಗ ನೀವು ಒಂದೀಟು ಗೋಲ್ ಹಿಂದಿನ ಸಾಲಿನಾಗ ಇದ್ದು, ನಮ್ಮ ಹುಡುಗರಿಗೆ ನಾಲ್ಕು ಮಾತು ಬೈಬೇಕ್ರಿ."

"ಸಾವಕಾರ್ರ, ನಂಗ ಬೈಲಿಕ್ಕೆ ಹೊತ್ತೆಲ್ಲೈತ್ರಿ?" ಎಂದಳು ಸುಂದರವ್ವ. "ಹತ್ತಿ ಒಡದು ನಿಂತೈತಿ. ಗಾಳಿ ಬಿಟ್ರ ಎಲ್ಲಾ ಮಣ್ಣಪಾಲು. ಬಿಡಸಾಕ ಇರೋರು ನಾನು, ಆ ಕೊಟಗಿಯೊಳಗ ಅಡಗಿದಂವ."

ಆ ಮಾತು ಆಕೆ ಸಿಟ್ಟಿನಿಂದ ಆಡಿದ್ದಲ್ಲ. ದನಿ ಸಣ್ಣಗಾಗಿತ್ತು. ಆಗ ಭೀಮಶಿ ಬಾಯಿ ಬಿಟ್ಟ. ಅವನು ಮಾತಾಡುವುದೇ ಅಪರೂಪ. "ಚಿಗವ್ವ, ನಮ್ಮ ಮ್ಯಾಚ್ ನೋಡೋ ಮಂದಿ ನಲವತ್ತು ಐವತ್ತು ಐತಿ. ಅವರಿಗೆ ನಿಂದ್ರಾಕ ಜಾಗಾ ಇಲ್ಲ, ನಿನ್ನ ಹತ್ತೀಗೆ ಆಳಿಲ್ಲ."

ಸುಂದರವ್ವ ಅವನ ಕಡೆ ತಿರುಗಿದಳು. "ಪುಕ್ಕಟೆ ದುಡಿಸ್ಕೊಳ್ಳೋ ಮನೆತನ ಅಲ್ಲ ನಮ್ದು," ಎಂದಳು. "ಮುಯ್ಯಿ ಅಂದ್ರ ಬರ್ರಿ. ನಾ ಹೊಳ್ಳಿ ಎಲ್ಲಿ ಬಂದು ತೀರಸಬೇಕು? ನಿಮ್ಮ ಕ್ಲಬ್ಬಿಗೆ ಹೊಲ ಎಲ್ಲೈತಿ?"

"ಆ ಮೈದಾನನ ನಮ್ಮ ಹೊಲಾರಿ," ಎಂದೆ ನಾನು.

"ಏನ ಬೆಳದೀರಿ ಅದರಾಗ?"

"ಈ ವರ್ಷ ಇನ್ನೂ ಏನೂ ಇಲ್ರಿ."

ಆಕೆ ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. "ಆತು. ಮುಯ್ಯಿ ತಲೀ ಮ್ಯಾಲ ಇರಲಿ. ಕರದಾಗ ಬರತೇನಿ," ಎಂದಳು. ಮರುದಿನ ಅಡ್ಡಬಿದಿರನ್ನೂ ಕೊಟ್ಟು ಕಳಿಸಿದಳು, ಕೌದಿಯ ಒಂದು ಎಳೆ ಇನ್ನೂ ಅದಕ್ಕೆ ಅಂಟಿಕೊಂಡಿತ್ತು.

ಫೆಬ್ರುವರಿಯಲ್ಲಿ ಮನೋಳಿಯವರ ಜೊತೆ ಮ್ಯಾಚು. ಉಳವಪ್ಪ ಮಾಸ್ತರರು ಬಂದು ಕೂತು ಸುತ್ತ ನೋಡಿದರು. ಮೈದಾನದಲ್ಲಿ ಒಬ್ಬರಿಲ್ಲ, ರಸ್ತೆಯಲ್ಲಿ ಒಬ್ಬರಿಲ್ಲ. ಬದುವಿನಾಚೆ ಮಾತ್ರ ಸೊಂಟದೆತ್ತರದ ಹತ್ತಿಗಿಡಗಳ ನಡುವೆ ನಲವತ್ತು ಐವತ್ತು ಗಂಡಸರು ಉಡಿ ಕಟ್ಟಿಕೊಂಡು ನಿಂತಿದ್ದರು. ನಮ್ಮ ಕಡೆ ಹತ್ತಿ ಬಿಡಿಸುವುದು ಹೆಂಗಸರ ಕೆಲಸ. ಅವರಲ್ಲಿ ಮುಕ್ಕಾಲು ಪಾಲು ಮಂದಿಗೆ ಆಗಲೇ ಬೆರಳು ಗೀರಿ ರಕ್ತ ಬಂದಿತ್ತು. ಒಬ್ಬ ಬ್ಯಾಂಕಿನ ಕ್ಯಾಶಿಯರ್ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಬಂದಿದ್ದ.

"ಅವರ್ಯಾರು?" ಎಂದರು ಮಾಸ್ತರರು.

"ಹತ್ತಿ ಬಿಡಸೋ ಆಳ್ರಿ, ಸರ," ಎಂದೆ.

ಅವರು ಛತ್ರಿ ಮಡಿಚಿ ಬದುವಿಗೆ ಹೋದರು. ಸುಂದರವ್ವ ಎದುರಿಗೆ ಬಂದು ನಿಂತಳು. "ಬರ್ರಿ ಮಾಸ್ತರ್ರ. ನನ್ನ ಹೊಲ, ನನ್ನ ಹತ್ತಿ, ನನ್ನ ಮುಯ್ಯಾಳು. ನಿಮ್ಮ ಲೀಗಿನ ಗೆರಿ ಈ ಬದು ದಾಟತೈತೇನು?"

ಮಾಸ್ತರರು ನ್ಯಾಯವಂತರು. ಸ್ವಲ್ಪ ಯೋಚಿಸಿ, "ದಾಟೂದಿಲ್ಲ," ಎಂದರು. "ಆದ್ರ ದುಡಿಯೋ ಕೈ ನಿಂತು ಕಣ್ಣು ಈ ಕಡೆ ತಿರುಗಿದ್ರ ಅಂವ ಆಳಲ್ಲ, ಪ್ರೇಕ್ಷಕ. ನಾ ಬರಕೊಳ್ಳಬೇಕಾಗತೈತಿ."

"ಕೈ ನಿಲ್ಲೂದಿಲ್ರಿ. ಅದು ನನಗ ಬಿಡ್ರಿ," ಎಂದ ಸುಂದರವ್ವ ಒಂದು ಒಣಗಿದ ಹತ್ತಿಕಟ್ಟಿಗೆ ಮುರಿದು ಕೈಯಲ್ಲಿ ಹಿಡಿದಳು.

ಅಂಥ ಪ್ರೇಕ್ಷಕರ ಮುಂದೆ ಭೂಮಿಯ ಮೇಲೆ ಬೇರೆ ಯಾರೂ ಆಡಿರಲಿಕ್ಕಿಲ್ಲ. ಐವತ್ತು ಮುಖ ನಮ್ಮ ಕಡೆ, ನೂರು ಕೈ ಗಿಡದ ಕಡೆ. ಮುಖ ಎತ್ತ ತಿರುಗಿದರೂ ಕೈ ಆಡುತ್ತಲೇ ಇರಬೇಕು. ನಿಂತರೆ ಹಿಂದಿನಿಂದ ಕಟ್ಟಿಗೆಯ ಏಟು. ಚೆಂಡು ಮನೋಳಿಯವರ ಗೋಲಿನ ಹತ್ತಿರ ಹೋದಂತೆಲ್ಲ ಕೈ ಜೋರಾಗುತ್ತಿತ್ತು. ಅರಳಿದ ಹತ್ತಿ ಬಂತು, ಅರಳದ ಹಸಿ ಕಾಯಿ ಬಂತು, ಎಲೆ ಬಂತು, ರೆಂಬೆ ಬಂತು. ಸೋಮಪ್ಪ ಮುಂದಿದ್ದವನ ತಲೆಗೆ ಸುತ್ತಿದ ಪಟಗದ ಚುಂಗನ್ನೇ ಬಿಡಿಸಿ ಉಡಿಗೆ ಹಾಕಿಕೊಳ್ಳುತ್ತಿದ್ದ. ಸುಂದರವ್ವ ಒಂದೇ ಉಸಿರಿನಲ್ಲಿ ಅವರಿಗೂ ಬೈಯುತ್ತಿದ್ದಳು, ಭೀಮಶಿಗೂ ಬೈಯುತ್ತಿದ್ದಳು. ಬೈಗುಳ ಕೇಳಿ ಎಷ್ಟು ಸುಖವಾಯಿತೆಂದರೆ ನನ್ನ ಕಾಲಿಗೆ ಹತ್ತು ವರ್ಷದ ಹಿಂದಿನ ಓಟ ಬಂತು.

ನಮ್ಮ ಎರಡನೇ ಗೋಲು ಬಿದ್ದಾಗ ಮಂದಿ ತಡೆದುಕೊಳ್ಳಲಿಲ್ಲ. ಐವತ್ತು ಉಡಿಯ ಹತ್ತಿಯೂ ಒಮ್ಮೆಲೇ ಆಕಾಶಕ್ಕೆ ಹಾರಿತು. ಗಾಳಿ ಬೇರೆ ಇತ್ತು. ಮೈದಾನದ ತುಂಬ ಬೆಳ್ಳಗೆ ಹತ್ತಿ ಇಳಿಯಿತು, ರೆಫರಿಯ ಸಿಳ್ಳೆಯೊಳಗೂ ಹೋಗಿ ಅದು ಊದದಂತಾಯಿತು.

ಉಳವಪ್ಪ ಮಾಸ್ತರರು ಎದ್ದು ನಿಂತರು. "ಏನಿದು? ಕೈ ನಿಂತವು."

ಸುಂದರವ್ವನ ಮುಖ ನೋಡುವಂತಿರಲಿಲ್ಲ. ಹಗಲೆಲ್ಲ ಬಿಡಿಸಿದ ಆಕೆಯ ಹತ್ತಿ ಅದು. ಒಂದು ಗಳಿಗೆ ಆಕೆ ನಮ್ಮನ್ನೆಲ್ಲ ಅಲ್ಲೇ ಹೂಳಿಬಿಡುವಳೆಂದುಕೊಂಡೆ. ಆಮೇಲೆ ಮಾಸ್ತರರ ಕಡೆ ತಿರುಗಿ, "ಕಸಾ ಹಾರಸಾಕತ್ತಾರ್ರಿ," ಎಂದಳು. "ಹತ್ತ್ಯಾಗ ಎಲಿ ಭಾಳ ಆಗಿತ್ತು. ತೂರಾಕ ನಾನ ಹೇಳೇನಿ."

ಮಾಸ್ತರರು ತಮ್ಮ ಛತ್ರಿಯ ಮೇಲೆ ಕೂತ ಹತ್ತಿಯನ್ನು ತೆಗೆದು ನೋಡಿದರು. ಅದರಲ್ಲಿ ನಿಜವಾಗಿಯೂ ಎಲೆ ಬಹಳ ಇತ್ತು. ಕೂತರು. ನಾವು ಗೆದ್ದೆವು.

ಆಟ ಮುಗಿದ ಮೇಲೆ ಯಾರನ್ನೂ ಸುಂದರವ್ವ ಮನೆಗೆ ಬಿಡಲಿಲ್ಲ. ಮೈದಾನದ ಹತ್ತಿಯನ್ನೆಲ್ಲ ಆಯಿಸಿದಳು, ಹಸಿ ಕಾಯಿ ಬೇರೆ, ಎಲೆ ಬೇರೆ, ಹತ್ತಿ ಬೇರೆ ಮಾಡಿಸಿದಳು. ಗೆದ್ದ ಟೀಮಿನ ಕ್ಯಾಪ್ಟನ್ ನಾನು, ಮೊಣಕಾಲ ಮೇಲೆ ಕೂತು ಎಲೆ ಆರಿಸಿದೆ. ಹಸಿ ಕಾಯಿಯ ಗುಡ್ಡೆ ನೋಡಿ ನನಗೆ ನಾಚಿಕೆಯಾಯಿತು. ಆಕೆ ಅದನ್ನು ಬುಟ್ಟಿಗೆ ತುಂಬಿ, "ಈ ಕಾಯಿಗೆ ಬೈಯೂದು ಇನ್ನೊಂದ ದಿನಕ್ಕ ಇಟ್ಟೇನಿ," ಎಂದಳಷ್ಟೆ. ಆದರೂ ಹೊಲದ ಹತ್ತಿ ಮಾತ್ರ ಗಾಳಿಗೆ ಹೋಗದೆ ಮನೆ ಸೇರಿತು.

ಉಳಿದದ್ದು ಒಂದೇ ಮ್ಯಾಚು, ಮಾರ್ಚ್ ತಿಂಗಳಲ್ಲಿ ರಾಮದುರ್ಗದವರ ಜೊತೆ. ಶಿಕ್ಷೆ ಮುಗಿದಿತ್ತು, ಮಂದಿ ಬರಬಹುದಿತ್ತು. ಸೋಲದಿದ್ದರೆ ಸಾಕು, ಲೀಗಿನಲ್ಲಿ ಉಳಿಯುತ್ತಿದ್ದೆವು. ಸೋತರೆ ಕ್ಲಬ್ಬಿನ ಬಾಗಿಲು ಮುಚ್ಚಿದಂತೆ. ಸಾವಕಾರರು ಊರ ತುಂಬ ರಿಕ್ಷಾದಲ್ಲಿ ಮೈಕು ಕಟ್ಟಿ ಕೂಗಿಸಿದರು. ಒಂದು ವಿಷಯ ಮಾತ್ರ ಯಾರೂ ನೋಡಿರಲಿಲ್ಲ. ಆ ರವಿವಾರ ಕ್ರಿಕೆಟ್ ವಿಶ್ವಕಪ್ಪಿನ ಫೈನಲ್ ಬಂದು ಕೂತಿತ್ತು, ಅದರಲ್ಲಿ ಭಾರತವೇ ಇತ್ತು.

ನಾಲ್ಕು ಗಂಟೆಗೆ ನಾವು ಮೈದಾನಕ್ಕೆ ಇಳಿದಾಗ ನಾಯಿಯೊಂದನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಟೀವಿ ಇದ್ದ ಮನೆಗಳ ಕಿಟಕಿಗೆಲ್ಲ ಮಂದಿ ಜೋತುಬಿದ್ದಿದ್ದರು. ಸೋಮಪ್ಪನೂ ಬರಲಿಲ್ಲ. ರಾಮದುರ್ಗದಿಂದ ಹನ್ನೊಂದೇ ಮಂದಿ ಬಂದಿದ್ದರು, ಹನ್ನೆರಡನೆಯವನು ದಾರಿಯಲ್ಲಿ ಟೀವಿ ಕಂಡು ಇಳಿದುಹೋದನಂತೆ. ಈ ಮ್ಯಾಚಿಗೂ ಲೀಗಿನ ಪರವಾಗಿ ಬಂದಿದ್ದ ಉಳವಪ್ಪ ಮಾಸ್ತರರು ಕಿವಿಗೆ ಟ್ರಾನ್ಸಿಸ್ಟರ್ ಹಿಡಿದು ಕೂತಿದ್ದರು, ಮುಖ ನೋಡಿದರೆ ಅಲ್ಲೂ ಸುದ್ದಿ ಒಳ್ಳೆಯದಿರಲಿಲ್ಲ. ಶಿಕ್ಷೆಯ ಮೌನವನ್ನಾದರೂ ತಡೆದುಕೊಂಡಿದ್ದೆವು, ಯಾರೋ ಬರಬೇಡಿ ಎಂದದ್ದಕ್ಕೆ ಅವರು ಬಂದಿರಲಿಲ್ಲ. ಇದು ಬೇರೆ. ಬರಬಹುದಾದವರೂ ಬಂದಿರಲಿಲ್ಲ. ನನಗೆ ಅಳು ಬರುವಂತಾಯಿತು, ಸುಳ್ಳು ಹೇಳುವುದಿಲ್ಲ. ಭೀಮಶಿ ಮತ್ತೆ ಆಕಾಶ ನೋಡುತ್ತಿದ್ದ. ಅರ್ಧ ಆಟ ಮುಗಿದಾಗ ಒಂದು ಗೋಲಿನಿಂದ ಹಿಂದಿದ್ದೆವು.

ನೀರು ಕುಡಿಯುತ್ತಾ ಕೂತಾಗ ಜಿನ್ನಿನ ಗೋಡೆಯ ಕಡೆಯಿಂದ ದೂಳು ಎದ್ದಿತು. ಹೆಂಗಸರು. ತಲೆಯ ಮೇಲೆ ಸೆರಗು, ಸೊಂಟದಲ್ಲಿ ಬುತ್ತಿಗಂಟು, ಕೈಯಲ್ಲಿ ಕುಡಗೋಲು. ಇಡೀ ಓಣಿ ಬಂದಿತ್ತು, ಪಕ್ಕದ ಓಣಿಯೂ ಸೇರಿದಂತಿತ್ತು. ಮುಂದೆ ಸುಂದರವ್ವ, ಆಕೆಯ ಪಕ್ಕದಲ್ಲಿ ಬೀರವ್ವ. ಅವರಿಬ್ಬರನ್ನು ಒಂದೇ ದಾರಿಯಲ್ಲಿ ಕಂಡು ನಿಜಗುಣಪ್ಪ ಸಾವಕಾರರ ಕೈಯಿಂದ ತಂಬಿಗೆ ಜಾರಿತು.

"ಮುಯ್ಯಿ ತೀರಸಾಕ ಬಂದೇವ್ರಿ," ಎಂದಳು ಸುಂದರವ್ವ. "ಮಂದಿ ಯಾರೂ ಬಂದಿಲ್ಲ ಅಂತ ಬದುವಿನ ಮ್ಯಾಲಿಂದ ಕಂಡೆ. ಎಲ್ಲಿ ಹಚ್ಚತೀರಿ, ಹೇಳ್ರಿ. ಏನ ಕೆಲಸ?"

ಸಾವಕಾರರು ಬಾಗಿ ತಂಬಿಗೆ ಹುಡುಕುತ್ತಿದ್ದರು. ನಾನೇ ಹೇಳಿದೆ: "ನೋಡೂ ಕೆಲಸ, ಚಿಗವ್ವ."

"ಬರೇ ನೋಡೂದು?"

"ನೋಡೂದು. ತಪ್ಪ ಮಾಡಿದ್ರ ಬೈಯೂದು."

ಬೀರವ್ವ ಕುಡಗೋಲನ್ನು ಸೊಂಟಕ್ಕೆ ಸಿಕ್ಕಿಸಿದಳು. "ಇಷ್ಟ ಹೌದಿಲ್ಲೊ? ನಾ ಏನೋ ಅಂತಿದ್ದೆ," ಎಂದಳು.

ಸುಂದರವ್ವ ಕೆಲಸ ಹಂಚಿದಳು, ಹೊಲದಲ್ಲಿ ಹಂಚುವ ಹಾಗೆಯೇ. ಒಬ್ಬೊಬ್ಬರಿಗೆ ಒಂದೊಂದು ಸಾಲು. ಇಲ್ಲಿ ಸಾಲು ಎಂದರೆ ಒಬ್ಬೊಬ್ಬ ಆಟಗಾರ. ಆಕೆ ಭೀಮಶಿಯನ್ನು ಹಿಡಿದಳು, ಬೀರವ್ವನ ಪಾಲಿಗೆ ನಾನು ಬಂದೆ. ನಮ್ಮ ಹನ್ನೊಂದೂ ಹಂಚಿ ಮುಗಿದ ಮೇಲೆ ಹೆಂಗಸರು ಇನ್ನೂ ಉಳಿದರು. "ಉಳದವರು ಆ ಕಡೆಯವರನ್ನ ಹಿಡೀರಿ," ಎಂದಳು. ಅವರು ರಾಮದುರ್ಗದವರು, ಅವರನ್ನು ಬಿಟ್ಟುಬಿಡಿ ಎಂದು ನಾನು ಬಗೆಬಗೆಯಾಗಿ ಹೇಳಿದೆ. ಬಿತ್ತಿದ ಹೊಲದಲ್ಲಿ ಸಾಲು ಬಿಡುವ ಪದ್ಧತಿ ತಮ್ಮಲ್ಲಿಲ್ಲ ಎಂದು ಆಕೆ ನನ್ನ ಬಾಯಿ ಮುಚ್ಚಿಸಿದಳು.

ಎರಡನೇ ಅರ್ಧ ಶುರುವಾಯಿತು. ನಾನು ಚೆಂಡು ಬಿಟ್ಟರೆ ಬೀರವ್ವ, ನಿಂತರೆ ಬೀರವ್ವ, ಉಗುಳಿದರೂ ಬೀರವ್ವ. ಆಕೆ ಗೆರೆಯ ಪಕ್ಕದಲ್ಲೇ ನನ್ನ ಜೊತೆ ಮುಂದೆ ಹಿಂದೆ ನಡೆಯುತ್ತಿದ್ದಳು, ಸಾಲು ಬಿಟ್ಟುಕೊಡಲಿಲ್ಲ. ರಾಮದುರ್ಗದ ಹುಡುಗರು ಗದ್ದಲದ ಮಂದಿಯನ್ನು ಎಷ್ಟೋ ಕಂಡವರು. ಆದರೆ ಅವರವರ ಬೆನ್ನು ಹತ್ತಿ ಅವರವರ ಕ್ಷೇಮ ವಿಚಾರಿಸುವ ಮಂದಿಯನ್ನು ಕಂಡಿರಲಿಲ್ಲ. ಅವರ ಬ್ಯಾಕ್ ಒಬ್ಬ ಬಹಳ ತೆಳ್ಳಗಿದ್ದ. ಚೆಂಡು ಅವನ ಕಾಲಲ್ಲಿತ್ತು. ಅವನ ಸಾಲು ಹಿಡಿದಿದ್ದ ಅಜ್ಜಿ ಕೇಳಿದಳು: "ಏ ತಮ್ಮಾ, ಹಿಂಗ್ಯಾಕ ಒಣಗೀಯೋ? ಮನ್ಯಾಗ ಊಟಾ ಹಾಕೂದಿಲ್ಲೇನ ನಿಮ್ಮವ್ವ?"

ಹುಡುಗ ಒಳ್ಳೆಯ ಮನೆತನದವನು. ನಿಂತು, ಅಜ್ಜಿಯ ಕಡೆ ತಿರುಗಿ, "ಹಾಕತಾಳ್ರಿ ಆಯಿ," ಎಂದ. ಅಷ್ಟರಲ್ಲಿ ಚೆಂಡು ನಮ್ಮವರ ಕಾಲಿಗೆ ಬಂದಿತ್ತು. ಗೋಲು ಸಮ ಆಯಿತು. ಅಜ್ಜಿಗೆ ಮಾತ್ರ ಅವನ ಮೇಲೆ ಕನಿಕರ ಬಂದು, ಬುತ್ತಿಯಲ್ಲಿದ್ದ ರೊಟ್ಟಿ ಕೊಡಲಿಕ್ಕೆ ಒಳಗೇ ಹೊರಟಿದ್ದಳು. ಮಾಸ್ತರರು ಟ್ರಾನ್ಸಿಸ್ಟರ್ ಕೆಳಗಿಟ್ಟು ಬಂದು ತಡೆದರು. ಆಮೇಲೆ ಅವರು ಅದನ್ನು ಮತ್ತೆ ಎತ್ತಿಕೊಂಡದ್ದನ್ನು ನಾನು ನೋಡಲಿಲ್ಲ.

ಕೊನೆಯ ಗಳಿಗೆಯಲ್ಲಿ ರಾಮದುರ್ಗದವನೊಬ್ಬ ನನ್ನನ್ನು ದಾಟಿಕೊಂಡು ಹೋದ. ಬೀರವ್ವ ಏನು ಅಂದಳೆಂದು ಇಲ್ಲಿ ಬರೆಯುವುದಿಲ್ಲ. ಅವನ ಮುಂದೆ ಭೀಮಶಿ ಒಬ್ಬನೇ. ಗೋಲಿನ ಹಿಂದೆ ಬದುವಿನ ಮೇಲೆ ಸುಂದರವ್ವ.

"ಭೀಮ್ಯಾ, ಹೊಲಾ ಖಾಲಿ ಐತಿ ಅಂತ ಬಿಟ್ಟೀಯಂದ್ರ ನೋಡು. ಮನಿ ಮನಿ ತಿರಗಿ ಮಂದೀನ್ನ ಕರದುಕೊಂಡ ಬಂದೇನಿ, ನನ್ನ ಸಾಲಿನ ಮಾನಾ ಕಳೀಬ್ಯಾಡ."

ಭೀಮಶಿ ಬಿದ್ದ. ಚೆಂಡು ಅವನ ಎರಡೂ ಕೈಯೊಳಗೆ, ಸುಣ್ಣದ ಗೆರೆಯ ಮೇಲೆ ನಿಂತಿತು. ರಾಮದುರ್ಗದವರು ಗೋಲು ಎಂದು ಕೂಗಿದರು. ರೆಫರಿ ಬಾಗಿ ನೋಡಿದ, ಕುಡಗೋಲುಗಳ ಕಡೆಯೂ ಒಮ್ಮೆ ನೋಡಿದ, ಗೋಲಿಲ್ಲ ಎಂದು ಸಿಳ್ಳೆ ಊದಿದ. ಮ್ಯಾಚು ಸಮ, ಕ್ಲಬ್ಬು ಉಳಿಯಿತು.

ಹೆಂಗಸರು ಬುತ್ತಿ ಬಿಚ್ಚಿ ಎರಡೂ ಟೀಮಿಗೆ ರೊಟ್ಟಿ, ಶೇಂಗಾ ಹಿಂಡಿ ಹಂಚುತ್ತಿದ್ದಾಗ ನಾನು ಬೀರವ್ವನನ್ನು ಮೆಲ್ಲಗೆ ಕೇಳಿದೆ, ಇದು ಹೇಗಾಯಿತೆಂದು.

"ನಾಲ್ಕ ಹೊಡದ ಮ್ಯಾಲ ನಮ್ಮ ಬಾಗಲಾಗ ಬಂದು ನಿಂತಳು," ಎಂದಳು ಬೀರವ್ವ. "ಏಳೆಂಟ ವರ್ಷ ಆಗಿತ್ತು ನೋಡಪಾ, ಆಕೀ ನಮ್ಮ ಹೊಚ್ಚಲ ತುಳದು. 'ಬೀರವ್ವಾ, ನಂದೊಂದು ಮುಯ್ಯಿ ಐತಿ, ಒಬ್ಬಾಕಿಗೆ ಆಗೂದಿಲ್ಲ, ಬಾ' ಅಂದಳು. ಬ್ಯಾರೆ ಏನೂ ಅನ್ನಲಿಲ್ಲ. ನನ್ನ ಮನಿ ಆದಮ್ಯಾಲ ಹಿಂಗ ಎಲ್ಲಾರ ಮನೀಗೂ ಹೋದಳು. ನಾನೂ ಹಿಂದ ಹೋದೆ, ಒಬ್ಬಾಕಿನ್ನ ಹೆಂಗ ಬಿಡೂದು?"

ತನ್ನ ಹತ್ತಿ ಮಣ್ಣುಪಾಲಾಗುತ್ತಿದ್ದಾಗಲೂ ಯಾರ ಬಾಗಿಲಿಗೂ ಹೋಗದಿದ್ದವಳು ಆಕೆ. ಹಸಿ ಕಾಯಿ ಕಿತ್ತು ಹಾಳು ಮಾಡಿದ ನಮಗಾಗಿ ಒಂದೊಂದೇ ಬಾಗಿಲಿನ ಮುಂದೆ ನಿಂತಿದ್ದಳು. ನಾನು ಕೈ ಮುಗಿಯಲು ಹೋದರೆ ಸುಂದರವ್ವ ಕೈಗೆ ರೊಟ್ಟಿ ಹಾಕಿದಳು.

"ಕೈ ಮುಗಿಯೂದು ಇರಲಿ. ನಿಮ್ಮ ಮಂದಿ ಬಂದಿದ್ದಕ್ಕಿಂತ ನಮ್ಮ ಮಂದಿ ಹೆಚ್ಚ ಬಂದೈತಿ ಇವತ್ತು. ಹೆಚ್ಚಿಂದು ಈಗ ನಿಮ್ಮ ಮ್ಯಾಲ. ನಾಳೆ ಬೀರವ್ವನ ಹೊಲಕ್ಕ ಬರ್ರಿ, ಹತ್ತಿಕಟಗಿ ಕೀಳೂದೈತಿ." ಆಮೇಲೆ ಯಾರ ಮುಖವನ್ನೂ ನೋಡದೆ, "ನಾನೂ ಬರತೇನಿ," ಎಂದಳು.

"ಬಾ," ಎಂದಳು ಬೀರವ್ವ. "ಸಾಲಿನಾಗ ಒಂದ ಕಟಗಿ ಬಿಟ್ಟೀಯಂದ್ರ ಓಣಿಗೆಲ್ಲಾ ತೋರಸ್ತೇನಿ."

ಮರುದಿನ ಊರಿಗೆ ಸೂತಕ ಬಂದಂತಿತ್ತು, ಕ್ರಿಕೆಟ್ಟಿನಲ್ಲಿ ಭಾರತ ಸೋತಿತ್ತು. ನಮ್ಮ ಮ್ಯಾಚು ಏನಾಯಿತೆಂದು ಕೇಳಬೇಕಾದರೆ ಗಂಡಸರು ನಳದ ಹತ್ತಿರ ಹೋಗಿ ಹೆಂಗಸರನ್ನು ಕೇಳಬೇಕಾಯಿತು. ಸೋಮಪ್ಪನಂತೂ ಹೆಂಡತಿಯ ಹಿಂದೆ ಮುಂದೆ ಸುಳಿದಾಡಿದರೂ ಆಕೆ ಒಂದು ಮಾತೂ ಹೇಳಲಿಲ್ಲವಂತೆ.

ನಾವು ಹನ್ನೊಂದೂ ಮಂದಿ ಬೀರವ್ವನ ಹೊಲದಲ್ಲಿದ್ದೆವು. ಪಕ್ಕ ಪಕ್ಕದ ಎರಡು ಸಾಲಿನಲ್ಲಿ ಸುಂದರವ್ವನೂ ಬೀರವ್ವನೂ ಬಾಗಿ ಹತ್ತಿಕಟ್ಟಿಗೆ ಕೀಳುತ್ತಿದ್ದರು, ಕೈ ನಿಲ್ಲಿಸದೆ ಜಗಳ ಆಡುತ್ತಿದ್ದರು. ಚೆಂಡು ಗೆರೆ ದಾಟಿತ್ತು ಎಂದು ಬೀರವ್ವ, ದಾಟಿರಲಿಲ್ಲ ಎಂದು ಸುಂದರವ್ವ. ಸಾಲು ಮುಗಿಯಿತು, ಇಬ್ಬರೂ ಹೊಸ ಸಾಲು ಹಿಡಿದರು, ಜಗಳ ಮುಗಿಯಲಿಲ್ಲ. ದಾಟಿತ್ತೋ ಇಲ್ಲವೋ ಭೀಮಶಿಗೆ ಗೊತ್ತು. ಅವನು ಎಲ್ಲರಿಗಿಂತ ಮುಂದೆ ತನ್ನ ಸಾಲಿನಲ್ಲಿ, ಏನೂ ಕೇಳಿಸದವನಂತೆ, ತಲೆ ತಗ್ಗಿಸಿಕೊಂಡು ಕಟ್ಟಿಗೆ ಕೀಳುತ್ತಿದ್ದ.